ದತ್ತಸಂಚಯದ ಕ್ವೆರಿಗಳ ಮೇಲಿನ ನಿಗಾ ಮತ್ತು ಅದರ ಹೊರೆಯನ್ನು ತಗ್ಗಿಸುವ ಕ್ರಮಗಳು: ಅರ್ಜಿದಾರರಿಗೆ ವಿವರಣೆ

ಪೀಠಿಕೆ

ಪ್ರಮಾಣ ಪತ್ರ, ಪಹಣಿ, ನೋಂದಣಿ, ಪಿಂಚಣಿ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು "ಸರ್ವರ್ ನಿಧಾನವಾಗಿದೆ, ಸ್ವಲ್ಪ ಕಾಯಿರಿ" ಎಂಬ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಕಾಲೇಜು ಪ್ರವೇಶದ ಅಥವಾ ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಸಮೀಪಿಸಿದಾಗ ಈ ಕಾಯುವಿಕೆ ಸಣ್ಣ ವಿಷಯವಲ್ಲ. ಒಂದು ದಿನದ ಕೂಲಿಯನ್ನು ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಬಂದವರು ಸಂಜೆ ಬರಿಗೈಯಲ್ಲಿ ಹಿಂದಿರುಗಿದರೆ, ಮರುದಿನದ ಕೂಲಿಯನ್ನೂ ಕಳೆದುಕೊಳ್ಳಬೇಕಾಗುತ್ತದೆ.

ಗಣಕ ವ್ಯವಸ್ಥೆ ನಿಧಾನವಾಗಲು ಹಲವು ಕಾರಣಗಳಿವೆ. ಅವುಗಳಲ್ಲಿ ಒಂದು ಕಾರಣವು ಸಾರ್ವಜನಿಕರಿಗೆ ಹೆಚ್ಚಾಗಿ ಪರಿಚಿತವಲ್ಲ. ನಿಧಾನವನ್ನು ಪತ್ತೆ ಹಚ್ಚಲೆಂದು ಅಳವಡಿಸಿದ ನಿಗಾ ಸಾಧನಗಳೇ ಕೆಲವೊಮ್ಮೆ ನಿಧಾನಕ್ಕೆ ಕಾರಣವಾಗುತ್ತವೆ. ಇದು ಹೇಗೆ ಸಂಭವಿಸುತ್ತದೆ, ಹೊರೆಯನ್ನು ಯಾವ ಕ್ರಮಗಳಿಂದ ತಗ್ಗಿಸಬಹುದು ಹಾಗೂ ಅರ್ಜಿದಾರರು ಈ ಬಗ್ಗೆ ಏನನ್ನು ತಿಳಿದಿರಬೇಕು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

1. ದತ್ತಸಂಚಯ ಮತ್ತು ಕ್ವೆರಿ ಎಂದರೇನು?

ಹಿಂದೆ ಕಛೇರಿಗಳಲ್ಲಿ ಎಲ್ಲ ವಿವರಗಳನ್ನು ವಹಿಗಳಲ್ಲಿ ಬರೆದಿಡಲಾಗುತ್ತಿತ್ತು. ಕರ್ನಾಟಕದಲ್ಲಿ ಜಾರಿಗೆ ಬಂದ ಭೂಮಿ ಯೋಜನೆಯು ಪಹಣಿಗಳನ್ನೂ, 2003ರಲ್ಲಿ ಬಂದ ಕಾವೇರಿ ತಂತ್ರಾಂಶವು ದಸ್ತಾವೇಜುಗಳ ನೋಂದಣಿಯನ್ನೂ ಗಣಕಯಂತ್ರಕ್ಕೆ ತಂದವು. ಈ ರೀತಿ ಗಣಕಯಂತ್ರದಲ್ಲಿ ವ್ಯವಸ್ಥಿತವಾಗಿ ಜೋಡಿಸಿಟ್ಟ ದಾಖಲೆಗಳ ಭಂಡಾರವನ್ನು ದತ್ತಸಂಚಯ ಎನ್ನುತ್ತಾರೆ.

ದತ್ತಸಂಚಯಕ್ಕೆ ತಂತ್ರಾಂಶವು ಕೇಳುವ ಪ್ರತಿಯೊಂದು ಪ್ರಶ್ನೆಯೂ ಒಂದು ಕ್ವೆರಿ. ಅರ್ಜಿದಾರರು ತಮ್ಮ ಅರ್ಜಿಯ ಸ್ಥಿತಿಯನ್ನು ತಿಳಿಯಲು ಒಂದು ಗುಂಡಿಯನ್ನು ಒತ್ತಿದಾಗ, ಅರ್ಜಿ ಸಂಖ್ಯೆ ಸರಿಯಾಗಿದೆಯೇ, ಅದು ಯಾವ ಅಧಿಕಾರಿಯ ಬಳಿ ಇದೆ, ಶುಲ್ಕ ಪಾವತಿಯಾಗಿದೆಯೇ ಎಂಬ ಹಲವು ಕ್ವೆರಿಗಳು ಒಂದರ ಹಿಂದೊಂದು ನಡೆಯುತ್ತವೆ. ಬಹುತೇಕ ಕ್ವೆರಿಗಳಿಗೆ ಕೆಲವೇ ಮಿಲಿಸೆಕೆಂಡುಗಳು ಸಾಕು. ಒಂದು ಸೆಕೆಂಡಿನ ಸಾವಿರದ ಒಂದು ಭಾಗವನ್ನು ಮಿಲಿಸೆಕೆಂಡು ಎನ್ನಲಾಗುತ್ತದೆ.

2. ನಿಗಾ ಏಕೆ ಅಗತ್ಯ?

ಒಂದು ಕೋಟಿ ಅರ್ಜಿಗಳಿರುವ ಪಟ್ಟಿಯಲ್ಲಿ ಒಂದು ಅರ್ಜಿಯನ್ನು ಹುಡುಕಬೇಕಾಗಿದೆ ಎಂದು ಭಾವಿಸಬಹುದು. ಅರ್ಜಿ ಸಂಖ್ಯೆಗೆ ಅನುಕ್ರಮಣಿಕೆ ಇದ್ದರೆ, ದತ್ತಸಂಚಯವು ಬೆರಳೆಣಿಕೆಯ ಪುಟಗಳನ್ನು ನೋಡಿ ಉತ್ತರ ನೀಡುತ್ತದೆ. ಅನುಕ್ರಮಣಿಕೆ ಇಲ್ಲದಿದ್ದರೆ ಇಡೀ ಪಟ್ಟಿಯನ್ನೇ ಓದಬೇಕಾಗಬಹುದು. ಪರದೆಯ ಮುಂದೆ ಕುಳಿತ ಸಿಬ್ಬಂದಿಗೆ ಇವೆರಡರ ನಡುವಿನ ವ್ಯತ್ಯಾಸದ ಕಾರಣ ಕಾಣುವುದಿಲ್ಲ, ನಿಧಾನ ಮಾತ್ರ ಕಾಣುತ್ತದೆ. ಯಾವ ಕ್ವೆರಿ, ಎಷ್ಟು ಸಲ, ಎಷ್ಟು ಕಾಲ ನಡೆಯಿತು ಎಂಬ ದಾಖಲೆ ಇದ್ದಾಗ ಮಾತ್ರ ತಾಂತ್ರಿಕ ಸಿಬ್ಬಂದಿಯು ದೋಷದ ಮೂಲವನ್ನು ತಲುಪಲು ಸಾಧ್ಯ. ನಿಗಾ ಸಾಧನಗಳ ಕೆಲಸ ಇದೇ. ಆದ್ದರಿಂದ ಹೊರೆಯಾಗುತ್ತದೆ ಎಂಬ ಕಾರಣಕ್ಕೆ ನಿಗಾವನ್ನು ಸಂಪೂರ್ಣವಾಗಿ ಸ್ಥಗಿತಗೊಳಿಸುವುದು ಪರಿಹಾರವಲ್ಲ. ಲೆಕ್ಕಪರಿಶೋಧನೆಗೆ ಖರ್ಚಾಗುತ್ತದೆಂದು ಲೆಕ್ಕಪರಿಶೋಧನೆಯನ್ನೇ ಕೈಬಿಡುವುದಕ್ಕೆ ಅದು ಸಮಾನವಾಗುತ್ತದೆ.

3. ನಿಗಾದಿಂದಲೇ ಹೊರೆ ಬೀಳುವುದು ಹೇಗೆ?

ಒಂದು ಕಛೇರಿಯ ಮೇಲ್ವಿಚಾರಕರು, ಪ್ರತಿ ಕಡತದ ಪ್ರತಿ ಹಾಳೆಯನ್ನು ತಿರುವಿದ ವೇಳೆಯನ್ನೂ ಬರೆದಿಡುವಂತೆ ವಿಷಯ ನಿರ್ವಾಹಕರಿಗೆ ಸೂಚಿಸಿದರೆ ಏನಾಗಬಹುದು? ವಿಳಂಬದ ಕಾರಣ ತಿಳಿಯುತ್ತದೆ ನಿಜ, ಆದರೆ ಕಡತಗಳು ಮೊದಲಿಗಿಂತ ನಿಧಾನವಾಗಿ ಸಾಗುತ್ತವೆ. ದತ್ತಸಂಚಯದಲ್ಲಿ ಈ ಹೊರೆಯು ಮುಖ್ಯವಾಗಿ ನಾಲ್ಕು ವಿಧಗಳಲ್ಲಿ ಬೀಳುತ್ತದೆ.

ಅ) ಗಡಿಯಾರ ನೋಡುವ ವೆಚ್ಚ. ಕಾಲವನ್ನು ಅಳೆಯಲು ಯಂತ್ರವು ಪ್ರತಿ ಹಂತದ ಆರಂಭದಲ್ಲಿಯೂ ಅಂತ್ಯದಲ್ಲಿಯೂ ತನ್ನ ಗಡಿಯಾರವನ್ನು ಓದಬೇಕು. ಉತ್ತಮ ಯಂತ್ರದಲ್ಲಿ ಒಂದು ಸಲ ಓದಲು ಕೆಲವು ಹತ್ತು ನ್ಯಾನೊಸೆಕೆಂಡುಗಳು ಸಾಕು. ಗಡಿಯಾರದ ಮೂಲ ನಿಧಾನವಾಗಿದ್ದರೆ ಹಲವು ನೂರು ನ್ಯಾನೊಸೆಕೆಂಡುಗಳು ಬೇಕಾಗುತ್ತವೆ. ಒಂದು ಲಕ್ಷ ಸಾಲುಗಳನ್ನು ಓದುವ ಕ್ವೆರಿಯಲ್ಲಿ ಪ್ರತಿ ಸಾಲಿಗೆ ಎರಡು ಸಲ ಗಡಿಯಾರ ನೋಡಿದರೆ, ಸಲವೊಂದಕ್ಕೆ 40 ನ್ಯಾನೊಸೆಕೆಂಡಿನಂತೆ 8 ಮಿಲಿಸೆಕೆಂಡುಗಳು, 700 ನ್ಯಾನೊಸೆಕೆಂಡಿನಂತೆ 140 ಮಿಲಿಸೆಕೆಂಡುಗಳು ಕೇವಲ ಗಡಿಯಾರ ನೋಡುವುದಕ್ಕೇ ವ್ಯಯವಾಗುತ್ತವೆ.

ಆ) ಬರೆದಿಡುವ ವೆಚ್ಚ. ಪ್ರತಿ ಕ್ವೆರಿಯ ಪೂರ್ಣ ಪಠ್ಯವನ್ನು ಡಿಸ್ಕಿನಲ್ಲಿ ಬರೆಯುವಾಗ, ಅದೇ ಡಿಸ್ಕಿನಲ್ಲಿ ಅರ್ಜಿಗಳನ್ನು ಉಳಿಸುವ ಕೆಲಸ ಕಾಯಬೇಕಾಗುತ್ತದೆ.

ಇ) ಒಂದೇ ವಹಿಗೆ ಹಲವರು ಕಾಯುವುದು. ನೂರಾರು ಸಂಪರ್ಕಗಳು ಏಕಕಾಲದಲ್ಲಿ ಒಂದೇ ರೀತಿಯ ಕ್ವೆರಿಯನ್ನು ನಡೆಸಿದಾಗ, ಅಂಕಿ-ಅಂಶಗಳ ಒಂದೇ ನಮೂದನ್ನು ತಿದ್ದಲು ಅವೆಲ್ಲವೂ ಸಾಲುಗಟ್ಟುತ್ತವೆ.

ಈ) ನಿಗಾ ಸಾಧನದ ಸ್ವಂತ ಕ್ವೆರಿಗಳು. ವ್ಯವಸ್ಥೆಯ ಸ್ಥಿತಿಯನ್ನು ತೋರಿಸುವ ಪರದೆಗಳು ಕೂಡ ದತ್ತಸಂಚಯವನ್ನು ಪ್ರಶ್ನಿಸಿಯೇ ಉತ್ತರ ಪಡೆಯುತ್ತವೆ. ಇಂತಹ ಹಲವು ಪರದೆಗಳು ಕೆಲವೇ ಸೆಕೆಂಡುಗಳಿಗೊಮ್ಮೆ ಪ್ರಶ್ನಿಸುತ್ತಿದ್ದರೆ ಅವುಗಳೂ ಸರತಿಯಲ್ಲಿ ಸೇರಿದಂತಾಗುತ್ತದೆ.

4. ಶೇಕಡಾ 5ರ ಹೊರೆ ಸರತಿಯನ್ನು ಎಷ್ಟು ಬೆಳೆಸುತ್ತದೆ?

"ಶೇಕಡಾ 5ರಷ್ಟು ಹೊರೆ ತಾನೇ" ಎಂಬ ಭಾವನೆ ಸಾಮಾನ್ಯ. ವ್ಯವಸ್ಥೆ ಬಹುಪಾಲು ಬಿಡುವಾಗಿರುವ ದಿನಗಳಲ್ಲಿ ಅದು ಸರಿಯೂ ಹೌದು. ಆದರೆ ಕೊನೆಯ ದಿನಾಂಕದಂದು ಲೆಕ್ಕವು ಬೇರೆಯಾಗುತ್ತದೆ. ಸರತಿಗಳ ಗಣಿತವನ್ನು ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ ಅವರು ದೂರವಾಣಿ ಕರೆಗಳಿಗಾಗಿ 1909ರಲ್ಲಿ ರೂಪಿಸಿದರು. ಅದರಿಂದ ಬೆಳೆದು ಬಂದ ಸರಳ ಸೂತ್ರವನ್ನು ಒಂದು ಉದಾಹರಣೆಯ ಮೂಲಕ ತಿಳಿಯಬಹುದು.

ಒಂದು ಕೌಂಟರು ಗಂಟೆಗೆ 100 ಜನರ ಕೆಲಸವನ್ನು ಮುಗಿಸಬಲ್ಲದು, ಗಂಟೆಗೆ ಸರಾಸರಿ 90 ಜನ ಬರುತ್ತಾರೆ ಎಂದಿಟ್ಟುಕೊಳ್ಳೋಣ. ಜನರು ಬರುವ ವೇಳೆಯಾಗಲಿ ಪ್ರತಿಯೊಬ್ಬರ ಕೆಲಸಕ್ಕೆ ಬೇಕಾಗುವ ಕಾಲವಾಗಲಿ ನಿಯತವಾಗಿರುವುದಿಲ್ಲ. ಈ ಸ್ಥಿತಿಯಲ್ಲಿ ಒಬ್ಬರು ಬಂದು ಕೆಲಸ ಮುಗಿಸಿ ಹೋಗಲು ಸರಾಸರಿ 6 ನಿಮಿಷ ಬೇಕಾಗುತ್ತದೆ. ಈಗ ಪ್ರತಿಯೊಬ್ಬರ ಕೆಲಸಕ್ಕೂ ಶೇಕಡಾ 5ರಷ್ಟು ಕಾಲ ಹೆಚ್ಚಾದರೆ, ಕೌಂಟರಿನ ಸಾಮರ್ಥ್ಯವು ಗಂಟೆಗೆ ಸುಮಾರು 95ಕ್ಕೆ ಇಳಿಯುತ್ತದೆ. ಸರಾಸರಿ ಅವಧಿಯು 6 ನಿಮಿಷದಿಂದ ಸುಮಾರು ಹನ್ನೊಂದೂವರೆ ನಿಮಿಷಕ್ಕೆ ಏರುತ್ತದೆ. ಹೊರೆ ಏರಿದ್ದು ಶೇಕಡಾ 5 ಮಾತ್ರ, ಕಾಯುವಿಕೆ ಏರಿದ್ದು ಬಹುತೇಕ ಎರಡರಷ್ಟು. ದತ್ತಸಂಚಯಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಆದ್ದರಿಂದಲೇ ನಿಗಾದ ಹೊರೆಯನ್ನು ಸಾಧಾರಣ ದಿನದಲ್ಲಿ ಅಳೆದು ತೃಪ್ತಿಪಡದೆ, ಅತ್ಯಧಿಕ ಒತ್ತಡದ ದಿನವನ್ನು ಗಮನದಲ್ಲಿಟ್ಟು ಅಳೆಯಬೇಕಾಗುತ್ತದೆ.

5. ಹೊರೆಯನ್ನು ತಗ್ಗಿಸುವ ಕ್ರಮಗಳು

5.1 ಕಾಲಮಿತಿ ನಿಗದಿಪಡಿಸುವುದು. ಎಲ್ಲ ಕ್ವೆರಿಗಳನ್ನೂ ಬರೆದಿಡುವ ಬದಲು, ನಿಗದಿತ ಅವಧಿಯನ್ನು ಮೀರಿದವುಗಳನ್ನು ಮಾತ್ರ ಬರೆದಿಡಬಹುದು. ಮೈಎಸ್‌ಕ್ಯೂಎಲ್ ದತ್ತಸಂಚಯದಲ್ಲಿ ನಿಧಾನ ಕ್ವೆರಿಗಳ ದಾಖಲೆಗೆ ಮೂಲತಃ ಇರುವ ಮಿತಿ 10 ಸೆಕೆಂಡು. ಕೌಂಟರಿನ ಸೇವೆಗೆ ಇದು ಬಹಳ ದೀರ್ಘ. ಮಿತಿಯನ್ನು ಸೊನ್ನೆಗೆ ಇಳಿಸಿದರೆ ಎಲ್ಲ ಕ್ವೆರಿಗಳೂ ದಾಖಲಾಗಿ ಹೊರೆ ಮರಳಿ ಬರುತ್ತದೆ. ಸೇವೆಯ ಸ್ವರೂಪಕ್ಕೆ ತಕ್ಕ ಮಿತಿಯನ್ನು ಆರಿಸಬೇಕು.

5.2 ಮಾದರಿ ಪರಿಶೀಲನೆ. ಲೆಕ್ಕಪರಿಶೋಧಕರು ಎಲ್ಲ ವೋಚರುಗಳನ್ನು ನೋಡದೆ ಕೆಲವನ್ನು ಆರಿಸಿ ಪರಿಶೀಲಿಸುವಂತೆ, ನೂರರಲ್ಲಿ ಒಂದು ಕ್ವೆರಿಯನ್ನು ಮಾತ್ರ ದಾಖಲಿಸಬಹುದು. ಪೋಸ್ಟ್‌ಗ್ರೆಸ್‌ಕ್ಯೂಎಲ್ ದತ್ತಸಂಚಯದ 2020ರ 13ನೇ ಆವೃತ್ತಿಯಿಂದ ಎರಡು ಮಿತಿಗಳನ್ನು ಒಟ್ಟಿಗೆ ಇರಿಸಲು ಅವಕಾಶವಿದೆ. ಉದಾಹರಣೆಗೆ, 5 ಸೆಕೆಂಡು ಮೀರಿದ ಎಲ್ಲ ಕ್ವೆರಿಗಳನ್ನೂ, ಕಾಲು ಸೆಕೆಂಡು ಮೀರಿದವುಗಳಲ್ಲಿ ನೂರಕ್ಕೆ ಒಂದನ್ನೂ ದಾಖಲಿಸುವಂತೆ ಸೂಚಿಸಬಹುದು. ಇದರಿಂದ ಅಪರೂಪದ ಗಂಭೀರ ದೋಷ ತಪ್ಪಿಹೋಗುವುದಿಲ್ಲ, ಸಾಮಾನ್ಯ ದೋಷದ ಮಾದರಿಯೂ ದೊರೆಯುತ್ತದೆ.

5.3 ಖಾತೆವಾರು ಮೊತ್ತ. ಕಾಲಮಿತಿಯ ಕ್ರಮಕ್ಕೆ ಒಂದು ಕೊರತೆಯಿದೆ. 30 ಸೆಕೆಂಡಿನ ಒಂದು ವರದಿ ದಿನಕ್ಕೆ 10 ಸಲ ನಡೆದರೆ ಒಟ್ಟು 300 ಸೆಕೆಂಡು. 2 ಮಿಲಿಸೆಕೆಂಡಿನ ಒಂದು ಸಣ್ಣ ಕ್ವೆರಿ ದಿನಕ್ಕೆ 10 ಲಕ್ಷ ಸಲ ನಡೆದರೆ ಒಟ್ಟು 2,000 ಸೆಕೆಂಡು. ಹೆಚ್ಚು ಕಾಲವನ್ನು ತಿನ್ನುವುದು ಎರಡನೆಯದು, ಆದರೆ ಅದು ಯಾವ ಮಿತಿಯನ್ನೂ ಮೀರುವುದಿಲ್ಲವಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಪ್ರತಿ ವ್ಯವಹಾರವನ್ನು ದಿನವಹಿಯಲ್ಲಿ ಬರೆಯುವ ಬದಲು ಖಾತೆವಾರು ಮೊತ್ತವನ್ನು ಮಾತ್ರ ಇಟ್ಟುಕೊಳ್ಳುವಂತೆ, ಒಂದೇ ರೂಪದ ಕ್ವೆರಿಗಳ ಎಣಿಕೆಯನ್ನೂ ಒಟ್ಟು ಕಾಲವನ್ನೂ ಮೆಮೊರಿಯಲ್ಲಿಯೇ ಕೂಡಿಸಿಡುವ ಸೌಲಭ್ಯಗಳು ಇದಕ್ಕೆ ಉತ್ತರ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಇಂತಹ ಸೌಲಭ್ಯವು 2009ರಿಂದಲೂ, ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕ್ವೆರಿ ಸ್ಟೋರ್ ಎಂಬ ಸೌಲಭ್ಯವು 2016ರ ಆವೃತ್ತಿಯಿಂದಲೂ ಲಭ್ಯವಿದೆ.

5.4 ಸೂಕ್ಷ್ಮ ಅಳತೆಯನ್ನು ಮಿತಗೊಳಿಸುವುದು. ಕ್ವೆರಿಯ ಒಟ್ಟು ಕಾಲವನ್ನು ಅಳೆಯುವುದು ಅಗ್ಗ, ಅದರೊಳಗಿನ ಪ್ರತಿ ಹಂತವನ್ನು ಅಳೆಯುವುದು ದುಬಾರಿ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ನಿಧಾನ ಕ್ವೆರಿಗಳ ಕಾರ್ಯಯೋಜನೆಯನ್ನು ತಾನಾಗಿಯೇ ದಾಖಲಿಸುವ ಸಾಧನವೊಂದಿದೆ. ಅದರ ಹಂತವಾರು ಅಳತೆಯನ್ನು ಚಾಲನೆಗೊಳಿಸಿದರೆ, ದಾಖಲಾಗುವಷ್ಟು ನಿಧಾನವಲ್ಲದ ಕ್ವೆರಿಗಳಲ್ಲಿಯೂ ಗಡಿಯಾರ ಓದುವ ಕೆಲಸ ನಡೆಯುತ್ತದೆ ಎಂದು ಅದರ ಅಧಿಕೃತ ಕೈಪಿಡಿಯೇ ಎಚ್ಚರಿಸುತ್ತದೆ. ಹಂತವಾರು ಕಾಲದ ಅಳತೆಯನ್ನು ನಿಲ್ಲಿಸಿ ಸಾಲುಗಳ ಎಣಿಕೆಯನ್ನು ಮಾತ್ರ ಇಟ್ಟುಕೊಂಡರೆ ಹೊರೆಯ ದೊಡ್ಡ ಪಾಲು ಕಡಿಮೆಯಾಗುತ್ತದೆ. ಯಂತ್ರದ ಗಡಿಯಾರ ಎಷ್ಟು ವೇಗವಾಗಿದೆ ಎಂದು ಮೊದಲೇ ಪರೀಕ್ಷಿಸುವ ಸಾಧನವೂ ಈ ದತ್ತಸಂಚಯದ ಜೊತೆಗೇ ಬರುತ್ತದೆ.

5.5 ಆಗಾಗ ಇಣುಕಿ ನೋಡುವುದು. ಪ್ರತಿ ಕ್ವೆರಿಯನ್ನು ಹಿಂಬಾಲಿಸುವ ಬದಲು, ಆ ಕ್ಷಣದಲ್ಲಿ ಯಾವ ಸಂಪರ್ಕಗಳು ಕೆಲಸ ಮಾಡುತ್ತಿವೆ, ಅವು ಯಾವುದಕ್ಕಾಗಿ ಕಾಯುತ್ತಿವೆ ಎಂದು ನಿಯತಕಾಲದಲ್ಲಿ ನೋಡಬಹುದು. ಒರಾಕಲ್ ದತ್ತಸಂಚಯವು 10ಜಿ ಆವೃತ್ತಿಯಿಂದ ಸಕ್ರಿಯ ಸಂಪರ್ಕಗಳನ್ನು ಸೆಕೆಂಡಿಗೊಮ್ಮೆ ನೋಡಿ ಮೆಮೊರಿಯಲ್ಲಿ ಗುರುತಿಸಿಕೊಳ್ಳುತ್ತದೆ, ಅವುಗಳಲ್ಲಿ ಹತ್ತಕ್ಕೆ ಒಂದನ್ನು ಮಾತ್ರ ಡಿಸ್ಕಿಗೆ ಕಳುಹಿಸುತ್ತದೆ.

5.6 ಬರೆಯುವ ಕೆಲಸವನ್ನು ಬೇರ್ಪಡಿಸುವುದು. ದಾಖಲೆಗಳನ್ನು ಮೊದಲು ಮೆಮೊರಿಯಲ್ಲಿ ಕೂಡಿಟ್ಟು, ಆನಂತರ ಪ್ರತ್ಯೇಕ ಡಿಸ್ಕಿಗೆ ಒಟ್ಟಾಗಿ ಬರೆಯಬೇಕು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಹಳೆಯ ಪ್ರೊಫೈಲರ್ ಬದಲಿಗೆ 2008ರ ಆವೃತ್ತಿಯಿಂದ ಬಂದ ಎಕ್ಸ್‌ಟೆಂಡೆಡ್ ಈವೆಂಟ್ಸ್ ವ್ಯವಸ್ಥೆಯು ಈ ಕ್ರಮವನ್ನು ಅನುಸರಿಸುತ್ತದೆ. ಕೂಡಿಡುವ ಜಾಗ ತುಂಬಿದಾಗ, ಅದರ ಸಾಮಾನ್ಯ ಹೊಂದಾಣಿಕೆಯಲ್ಲಿ ನಿಗಾದ ನಮೂದನ್ನು ಕೈಬಿಡಲಾಗುತ್ತದೆಯೇ ಹೊರತು ಕ್ವೆರಿಯನ್ನು ಕಾಯಿಸಲಾಗುವುದಿಲ್ಲ. ಒತ್ತಡದ ಸಮಯದಲ್ಲಿ ಹಿಂದೆ ಸರಿಯಬೇಕಾದುದು ನಿಗಾ ಸಾಧನವೇ ಹೊರತು ಅರ್ಜಿದಾರರಲ್ಲ ಎಂಬುದೇ ಇಲ್ಲಿನ ತತ್ವ.

5.7 ಅವಧಿಗೆ ಒಳಪಟ್ಟ ತನಿಖೆ. ನಿರ್ದಿಷ್ಟ ದೋಷದ ತನಿಖೆಗೆ ಪೂರ್ಣ ದಾಖಲೆ ಬೇಕಾಗುವುದುಂಟು. ಆಗ ಅದನ್ನು ಒಂದು ಸಂಪರ್ಕಕ್ಕೆ ಅಥವಾ ಒಂದು ಸೇವೆಗೆ ಸೀಮಿತಗೊಳಿಸಿ, ಮುಕ್ತಾಯದ ವೇಳೆಯನ್ನು ಮೊದಲೇ ನಿಗದಿಪಡಿಸಬೇಕು. ತನಿಖೆಗೆಂದು ತೆರೆದ ದಾಖಲೆಯನ್ನು ಮುಚ್ಚಲು ಮರೆತರೆ ಡಿಸ್ಕು ತುಂಬುತ್ತದೆ. ದತ್ತಾಂಶವೂ ಅದೇ ಡಿಸ್ಕಿನಲ್ಲಿದ್ದರೆ ಇಡೀ ಸೇವೆಯೇ ಸ್ಥಗಿತಗೊಳ್ಳಬಹುದು.

5.8 ಹೊರೆಯನ್ನೇ ಅಳೆಯುವುದು. ಮೇಲ್ಕಂಡ ಯಾವ ಕ್ರಮವನ್ನು ಕೈಗೊಂಡರೂ ಅದರ ಫಲವನ್ನು ಊಹೆಗೆ ಬಿಡಬಾರದು. ಪ್ರಾಯೋಗಿಕ ಯಂತ್ರದಲ್ಲಿ, ಒಂದೇ ಪ್ರಮಾಣದ ಕೆಲಸವನ್ನು ನಿಗಾ ಇದ್ದಾಗ ಹಾಗೂ ಇಲ್ಲದಿದ್ದಾಗ ಹಲವು ಬಾರಿ ನಡೆಸಿ ಹೋಲಿಸಬೇಕು. ಸರಾಸರಿಯೊಂದನ್ನೇ ನೋಡಿದರೆ ಸಾಲದು. ನೂರು ಕೋರಿಕೆಗಳಲ್ಲಿ ಅತಿ ನಿಧಾನವಾದ ಐದು ಎಷ್ಟು ಕಾಲ ತೆಗೆದುಕೊಂಡವು ಎಂಬುದನ್ನೂ ನೋಡಬೇಕು. ಕೌಂಟರಿನಲ್ಲಿ ಅತಿ ಹೆಚ್ಚು ಕಾಯುವವರ ಅನುಭವ ಆ ಐದರಲ್ಲಿಯೇ ಅಡಗಿರುತ್ತದೆ.

6. ಯಾವ ದಾಖಲೆಯನ್ನು ಕಡಿತಗೊಳಿಸಬಾರದು?

ಕಾರ್ಯಕ್ಷಮತೆಯ ನಿಗಾ ಬೇರೆ, ಲೆಕ್ಕಪರಿಶೋಧನೆಗೆ ಒಳಪಡುವ ದಾಖಲೆ ಬೇರೆ. ಅರ್ಜಿ ಯಾವ ದಿನ, ಯಾವ ವೇಳೆಗೆ ಸ್ವೀಕೃತವಾಯಿತು, ಪಹಣಿಯಲ್ಲಿನ ಹೆಸರನ್ನು ಯಾರು ಯಾವಾಗ ತಿದ್ದಿದರು, ಶುಲ್ಕವನ್ನು ಯಾರು ಸ್ವೀಕರಿಸಿದರು ಎಂಬುವು ನಾಗರಿಕರ ಹಕ್ಕಿಗೆ ಸಂಬಂಧಿಸಿದ ದಾಖಲೆಗಳು. ಇವುಗಳಲ್ಲಿ ನೂರಕ್ಕೆ ನೂರನ್ನೂ ಉಳಿಸಬೇಕು, ಮಾದರಿ ಕ್ರಮವನ್ನು ಇಲ್ಲಿ ಅನ್ವಯಿಸುವಂತಿಲ್ಲ.

ಕರ್ನಾಟಕದಲ್ಲಿ 2011ರ ಸಕಾಲ ಅಧಿನಿಯಮವು 2012ರ ಏಪ್ರಿಲ್ ತಿಂಗಳಿನಿಂದ ರಾಜ್ಯಾದ್ಯಂತ ಅನುಷ್ಠಾನಗೊಂಡಿತು. ಅಧಿಸೂಚಿತ ಸೇವೆಯು ನಿಗದಿತ ಅವಧಿಯೊಳಗೆ ದೊರೆಯದಿದ್ದಲ್ಲಿ ವಿಳಂಬದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚವನ್ನು ಪಡೆಯಲು ಅದರಲ್ಲಿ ಅವಕಾಶವಿದೆ. ಈ ಅವಧಿಯ ಲೆಕ್ಕವು ನಿಲ್ಲುವುದು ಸ್ವೀಕೃತಿಯ ದಾಖಲೆಯ ಮೇಲೆ. ಹೊರೆ ತಗ್ಗಿಸುವ ನೆಪದಲ್ಲಿ ಅಂತಹ ದಾಖಲೆಗೆ ಕತ್ತರಿ ಹಾಕಿದರೆ ಅರ್ಜಿದಾರರ ಮೇಲ್ಮನವಿಗೆ ಆಧಾರವೇ ಇಲ್ಲದಂತಾಗುತ್ತದೆ.

7. ನಿಗಾ ದಾಖಲೆ ಮತ್ತು ವೈಯಕ್ತಿಕ ಮಾಹಿತಿ

ಕ್ವೆರಿಯ ಪೂರ್ಣ ಪಠ್ಯವನ್ನು ದಾಖಲಿಸಿದಾಗ, ಅದರಲ್ಲಿರುವ ಹೆಸರು, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಆದಾಯ, ಜಾತಿ ಮುಂತಾದ ವಿವರಗಳೂ ನಿಗಾ ಕಡತಕ್ಕೆ ಸೇರುತ್ತವೆ. ದತ್ತಸಂಚಯಕ್ಕೆ ಬೀಗ ಹಾಕಿ, ಅದರ ಪ್ರತಿಯನ್ನು ಹೊರಗೆ ಇಟ್ಟಂತೆ ಇದು. ಖಾತೆವಾರು ಮೊತ್ತದ ಕೆಲವು ಸಾಧನಗಳು ಕ್ವೆರಿಯ ರೂಪವನ್ನು ಉಳಿಸಿ, ಅದರಲ್ಲಿನ ನಿಜವಾದ ಸಂಖ್ಯೆ ಹಾಗೂ ಹೆಸರುಗಳ ಜಾಗದಲ್ಲಿ ಸಂಕೇತವನ್ನಿರಿಸುತ್ತವೆ. ಇದರಿಂದ ಹೊರೆಯೂ ತಗ್ಗುತ್ತದೆ, ಗೋಪ್ಯತೆಯೂ ಉಳಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ದತ್ತಾಂಶಕ್ಕೆ ಸೂಕ್ತ ಭದ್ರತೆ ಒದಗಿಸುವ ಹೊಣೆಯನ್ನು ಅದನ್ನು ನಿರ್ವಹಿಸುವವರ ಮೇಲೆ ಇರಿಸಿದೆ. ಪೂರ್ಣ ಪಠ್ಯ ಅನಿವಾರ್ಯವಾದಲ್ಲಿ ಅದನ್ನು ನೋಡುವ ಅಧಿಕಾರವನ್ನು ಕೆಲವರಿಗೆ ಮಾತ್ರ ನೀಡಿ, ಅಗತ್ಯ ಮುಗಿದೊಡನೆ ಅಳಿಸುವುದು ಯುಕ್ತ.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಿಗಾ ಮಾದರಿಯಲ್ಲಿ ಅರ್ಜಿದಾರರ ಕ್ವೆರಿ ದಾಖಲಾಗದಿದ್ದರೆ ಅರ್ಜಿ ಕಳೆದುಹೋಗುತ್ತದೆಯೇ?
ಉತ್ತರ: ಇಲ್ಲ. ಅರ್ಜಿಯು ದತ್ತಸಂಚಯದಲ್ಲಿ ಉಳಿಯುತ್ತದೆ. ನಿಗಾ ದಾಖಲೆಯು ವೇಗಕ್ಕೆ ಸಂಬಂಧಿಸಿದ್ದು ಮಾತ್ರ.

ಪ್ರಶ್ನೆ: ಪರದೆ ನಿಂತಾಗ ಸಲ್ಲಿಸುವ ಗುಂಡಿಯನ್ನು ಮತ್ತೆ ಮತ್ತೆ ಒತ್ತಬಹುದೇ?
ಉತ್ತರ: ಒತ್ತಬಾರದು. ಪ್ರತಿ ಒತ್ತುವಿಕೆಯೂ ಹೊಸ ಕ್ವೆರಿಗಳನ್ನು ಸರತಿಗೆ ಸೇರಿಸಿ ಎಲ್ಲರ ವಿಳಂಬವನ್ನು ಹೆಚ್ಚಿಸಬಹುದು. ಅರ್ಜಿ ಅಥವಾ ಪಾವತಿ ಎರಡು ಬಾರಿ ದಾಖಲಾಗುವ ಸಂಭವವೂ ಇದೆ. ಮೊದಲು ಅರ್ಜಿಯ ಸ್ಥಿತಿಯನ್ನು ಪರಿಶೀಲಿಸುವುದು ಸೂಕ್ತ.

ಪ್ರಶ್ನೆ: ಹೆಚ್ಚು ಸಾಮರ್ಥ್ಯದ ಯಂತ್ರವನ್ನು ಖರೀದಿಸಿದರೆ ಸಾಲದೇ?
ಉತ್ತರ: ಕೆಲವೊಮ್ಮೆ ಅದೂ ಅಗತ್ಯ. ಆದರೆ ಅನುಕ್ರಮಣಿಕೆ ಇಲ್ಲದ ಪಟ್ಟಿಯಾಗಲಿ, ಸದಾ ತೆರೆದಿಟ್ಟ ಪೂರ್ಣ ದಾಖಲೆಯಾಗಲಿ ಹೊಸ ಯಂತ್ರದ ಸಾಮರ್ಥ್ಯವನ್ನೂ ನುಂಗುತ್ತದೆ. ಕಾರಣವನ್ನು ತಿಳಿಯದೆ ಮಾಡಿದ ಖರ್ಚು ಸಾರ್ವಜನಿಕ ಹಣದ ಅಪವ್ಯಯವಾಗಬಹುದು.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

• ವಿಳಂಬ ಅಥವಾ ದೋಷ ಕಂಡುಬಂದಲ್ಲಿ ದಿನಾಂಕ, ಗಂಟೆ ಹಾಗೂ ನಿಮಿಷವನ್ನು ಬರೆದಿಟ್ಟುಕೊಳ್ಳುವುದು. ನಿಗಾ ದಾಖಲೆಗಳಲ್ಲಿ ಹುಡುಕಲು ವೇಳೆಯೇ ಮುಖ್ಯ ಸುಳಿವು. "ಬೆಳಿಗ್ಗೆಯಿಂದ ನಿಧಾನ" ಎಂಬುದಕ್ಕಿಂತ "11 ಗಂಟೆ 20 ನಿಮಿಷಕ್ಕೆ ನಿಂತಿತು" ಎಂಬ ದೂರಿನಿಂದ ಕಾರಣವನ್ನು ಬೇಗ ಪತ್ತೆ ಹಚ್ಚಬಹುದು.

• ಅರ್ಜಿ ಸಂಖ್ಯೆ, ಯಾವ ಹಂತದಲ್ಲಿ ತಡೆಯಾಯಿತು ಮತ್ತು ಪರದೆಯಲ್ಲಿ ಕಂಡ ಸಂದೇಶವನ್ನು ದೂರಿನಲ್ಲಿ ನಮೂದಿಸುವುದು.

• ಹಣ ಕಡಿತಗೊಂಡು ಸ್ವೀಕೃತಿ ದೊರೆಯದಿದ್ದಲ್ಲಿ ಪಾವತಿಯ ಉಲ್ಲೇಖ ಸಂಖ್ಯೆಯನ್ನು ಕಾಯ್ದಿಟ್ಟುಕೊಂಡು, ಸ್ಥಿತಿಯನ್ನು ಪರಿಶೀಲಿಸಿದ ನಂತರವೇ ಮರುಪಾವತಿ ಮಾಡುವುದು.

• ಪರದೆಯ ಚಿತ್ರವನ್ನು ಕಳುಹಿಸುವಾಗ ಆಧಾರ್ ಸಂಖ್ಯೆ ಹಾಗೂ ಬ್ಯಾಂಕ್ ವಿವರಗಳನ್ನು ಮರೆಮಾಡುವುದು. ಒಟಿಪಿಯನ್ನು ಯಾರಿಗೂ ತಿಳಿಸದಿರುವುದು.

• ಸ್ವೀಕೃತಿ ಪತ್ರವನ್ನು ಸೇವೆ ದೊರೆಯುವವರೆಗೂ ಜೋಪಾನವಾಗಿಡುವುದು.

• ಸಾಧ್ಯವಾದಲ್ಲಿ ಕೊನೆಯ ದಿನಾಂಕದವರೆಗೆ ಕಾಯದೆ ಮುಂಚಿತವಾಗಿ ಅರ್ಜಿ ಸಲ್ಲಿಸುವುದು. ಮೇಲೆ ಕಂಡಿಕೆ 4ರಲ್ಲಿ ತಿಳಿಸಿದಂತೆ, ಒತ್ತಡ ಗರಿಷ್ಠ ಮಟ್ಟಕ್ಕೆ ಸಮೀಪಿಸಿದಾಗ ಸರತಿಯಲ್ಲಿ ಕೆಲವರು ಕಡಿಮೆಯಾದರೂ ಉಳಿದ ಎಲ್ಲರ ಕಾಯುವಿಕೆ ಗಣನೀಯವಾಗಿ ಇಳಿಯುತ್ತದೆ.

ಗಣಕ ವ್ಯವಸ್ಥೆಯ ಮೇಲೆ ನಿಗಾ ಇರಿಸುವುದು ಸೇವೆಯ ಗುಣಮಟ್ಟಕ್ಕಾಗಿ. ಆ ನಿಗಾದ ವೆಚ್ಚವು ಕೌಂಟರಿನ ಮುಂದೆ ನಿಂತವರ ಸಮಯದಿಂದ ಭರಿಸಲ್ಪಡದಂತೆ ನೋಡಿಕೊಳ್ಳುವುದು ವ್ಯವಸ್ಥೆಯನ್ನು ನಿರ್ವಹಿಸುವವರ ಕರ್ತವ್ಯ. ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಗಮನಿಸಿ, ದೋಷಗಳು ಕಂಡುಬಂದಲ್ಲಿ ನಿಖರವಾದ ವಿವರಗಳೊಂದಿಗೆ ಸಂಬಂಧಿಸಿದ ಕಛೇರಿಯ ಗಮನಕ್ಕೆ ತಂದು ಸಹಕರಿಸಬೇಕೆಂದು ಕೋರಲಾಗಿದೆ.